ಹೋಗುವ ದಾರಿಗೆ ಹಣ ಸಿಗುತ್ತದೆ, ಬರುವ ದಾರಿಗೆ? ಮಂಗಳೂರಿನ ಫುಡ್ ಡೆಲಿವರಿ ಕೆಲಸದ ಲೆಕ್ಕ

ಬೋಂದೆಲ್ ಸವಾರ

ಮಂಗಳೂರಿನಲ್ಲಿ ಫುಡ್ ಡೆಲಿವರಿಗೆ ಸೇರಿದರೆ ತಿಂಗಳಿಗೆ ಎಷ್ಟು ಸಿಗಬಹುದು ಎಂದು ಕುಲಶೇಖರದ ಒಬ್ಬ ಹುಡುಗ ಮೊನ್ನೆ ಇಲ್ಲಿ ಕೇಳಿದ್ದ. ಉತ್ತರ ಕೊಟ್ಟವರೆಲ್ಲ ಆ್ಯಪ್ ತೋರಿಸುವ ವಾರದ ಮೊತ್ತದ ಚಿತ್ರ ಹಾಕಿದರು. ಆ ಚಿತ್ರಗಳು ಸುಳ್ಳಲ್ಲ. ಆದರೆ ಪೆಟ್ರೋಲು, ಟಯರು, ಚೈನು, ಬ್ರೇಕ್ ಶೂ, ಮಳೆಗೆ ಹಾಳಾಗುವ ಮೊಬೈಲು ಇಷ್ಟನ್ನೂ ಕಳೆದ ಮೇಲೆ ಉಳಿಯುವುದೆಷ್ಟು ಎಂದು ಯಾರೂ ಬರೆಯಲಿಲ್ಲ. ಕೆಲಸಕ್ಕೆ ಸೇರುವ ಮೊದಲೇ ಆ ಲೆಕ್ಕ ಅವನ ಕಣ್ಣಿಗೆ ಬೀಳಬೇಕು.

ನಮ್ಮ ಊರಿನ ಆಕಾರವನ್ನೇ ಮೊದಲು ನೋಡಿ. ಪಶ್ಚಿಮಕ್ಕೆ ಕಡಲು, ಉತ್ತರದಲ್ಲಿ ಕೂಳೂರಿನ ಬಳಿ ಫಲ್ಗುಣಿ, ದಕ್ಷಿಣಕ್ಕೆ ನೇತ್ರಾವತಿ. ಹೊಟೇಲುಗಳು ಒತ್ತೊತ್ತಾಗಿರುವುದು ಹಂಪನಕಟ್ಟೆ, ಬಲ್ಮಠ, ಕಂಕನಾಡಿ, ಕದ್ರಿ, ಬಿಜೈ, ಲಾಲ್‌ಬಾಗ್‌ಗಳಲ್ಲಿ. ತಿನ್ನುವವರು ಮಾತ್ರ ಸೇತುವೆಯ ಆಚೆ ತೊಕ್ಕೊಟ್ಟು, ದೇರಳಕಟ್ಟೆಯವರೆಗೂ, ಇತ್ತ ಸುರತ್ಕಲ್‌ವರೆಗೂ, ಪೂರ್ವಕ್ಕೆ ವಾಮಂಜೂರಿನವರೆಗೂ ಹಬ್ಬಿದ್ದಾರೆ. ಹಾಗಾಗಿ ಇಲ್ಲಿ ಉದ್ದದ ಆರ್ಡರ್‌ಗಳು ಹೆಚ್ಚು. ಉದ್ದದ ಆರ್ಡರ್ ಎಂದರೆ ಲಾಭ ಎಂದು ಹೊಸಬರು ತಿಳಿಯುತ್ತಾರೆ, ಏಕೆಂದರೆ ಪರದೆಯ ಮೇಲೆ ಮೊತ್ತ ದೊಡ್ಡದಾಗಿ ಕಾಣುತ್ತದೆ.

ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯೋಣ. ಕಂಕನಾಡಿಯಿಂದ ದೇರಳಕಟ್ಟೆಯ ಒಂದು ಹಾಸ್ಟೆಲ್ಲಿಗೆ ಬಿರಿಯಾನಿ. ದಾರಿ 11 ಕಿಲೋಮೀಟರ್, ಕೊಡುವುದು 90 ರೂಪಾಯಿ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದೆ. ನಮ್ಮ ಏರು ತಗ್ಗುಗಳಲ್ಲಿ 40 ಕಿಲೋಮೀಟರ್ ಕೊಡುವ ಗಾಡಿಗೆ ಕಿಲೋಮೀಟರಿಗೆ ಎರಡೂವರೆ ರೂಪಾಯಿಯ ಪೆಟ್ರೋಲ್ ಬೇಕು. ಸವೆತಕ್ಕೆ ಒಂದು ರೂಪಾಯಿ ಸೇರಿಸಿದರೆ ಮೂರೂವರೆ. ಹೋಗುವ ಖರ್ಚು 38 ರೂಪಾಯಿ 50 ಪೈಸೆ. ಕೈಯಲ್ಲಿ 51 ರೂಪಾಯಿ 50 ಪೈಸೆ ಉಳಿಯಿತು, ಪರವಾಗಿಲ್ಲ ಎನಿಸುತ್ತದೆ. ಆದರೆ ಗಾಡಿ ಮತ್ತೆ ಕಂಕನಾಡಿಗೆ ಬರಬೇಕಲ್ಲ! ವಾಪಸಿನ 11 ಕಿಲೋಮೀಟರ್ ಸೇರಿದರೆ ಖರ್ಚು 77 ರೂಪಾಯಿ. ಉಳಿದದ್ದು 13 ರೂಪಾಯಿ. ಹೊಟೇಲಿನ ಮುಂದೆ ಕಾದದ್ದು, ಪಂಪ್‌ವೆಲ್‌ನಲ್ಲಿ ನಿಂತದ್ದು, ಹಾಸ್ಟೆಲ್ಲಿನ ಗೇಟಿನಲ್ಲಿ ಹುಡುಗ ಇಳಿದು ಬರುವವರೆಗೆ ಕಾದದ್ದು ಸೇರಿ ಒಂದು ಗಂಟೆಗೂ ಹೆಚ್ಚು ಹೊತ್ತಿನ ದುಡಿಮೆಗೆ 13 ರೂಪಾಯಿ.

ನನ್ನ ದೂರು ಇಷ್ಟೇ. ಆಹಾರ ತಲುಪಿಸಿದ ಕೂಡಲೇ ನಮ್ಮ ಕೆಲಸ ಮುಗಿಯಿತು ಎಂದು ಆ್ಯಪ್ ಭಾವಿಸುತ್ತದೆ. ಮುಂದಿನ ಆರ್ಡರ್ ಸಿಗುವ ಜಾಗಕ್ಕೆ ನಾವು ಸ್ವಂತ ಖರ್ಚಿನಲ್ಲಿ ಬರಬೇಕು. ಈ ಖಾಲಿ ಓಡಾಟದ ಲೆಕ್ಕವನ್ನು ಯಾವ ಪೇಔಟ್ (ಪಾವತಿ) ಚೀಟಿಯೂ ತೋರಿಸುವುದಿಲ್ಲ. ಬೇರೆಯವರ ಅನುಭವವೂ ಹೀಗೆಯೇ ಇದೆಯೇ, ಹೇಳಿ.

ದೇರಳಕಟ್ಟೆ ರಾತ್ರಿ ಪಾಳಿ

ಅಣ್ಣಾ, ಲೆಕ್ಕ ಸರಿ. ಆದರೆ ದೇರಳಕಟ್ಟೆಯನ್ನು ಖಾಲಿ ಜಾಗ ಎಂದು ತೋರಿಸಿದ್ದಕ್ಕೆ ನನ್ನ ಆಕ್ಷೇಪವಿದೆ. ಇಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಆಸ್ಪತ್ರೆಗಳಿವೆ, ಹಾಸ್ಟೆಲ್ಲುಗಳಿವೆ. ರಾತ್ರಿ ಹನ್ನೊಂದಾದ ಮೇಲೆ ಷವರ್ಮಾ, ಅಲ್‌ಫಹಮ್, ಫ್ರೈಡ್ ರೈಸ್ ಆರ್ಡರ್‌ಗಳು ಒಂದರ ಹಿಂದೆ ಒಂದು ಬರುತ್ತವೆ, ಹೊಟೇಲಿನಿಂದ ಹಾಸ್ಟೆಲ್ಲಿಗೆ ಎರಡು ಕಿಲೋಮೀಟರೂ ಇರುವುದಿಲ್ಲ. ಪರೀಕ್ಷೆಯ ತಿಂಗಳಲ್ಲಂತೂ ಬಿಡುವೇ ಇಲ್ಲ.

ತೊಂದರೆ ಇರುವುದು ಝೋನ್‌ನಲ್ಲಿ, ಅಂದರೆ ಆ್ಯಪ್ ಸವಾರರಿಗೆ ಹಾಕಿದ ಪ್ರದೇಶದ ಗಡಿಯಲ್ಲಿ. ನೀವು ನಗರದ ಝೋನ್‌ನಲ್ಲಿ ಲಾಗಿನ್ ಆಗಿ ಇಲ್ಲಿಗೆ ಬಂದರೆ ಇಲ್ಲಿನ ಆರ್ಡರ್ ನಿಮಗೆ ಬೀಳುವುದಿಲ್ಲ. ಪಕ್ಕದಲ್ಲಿ ನಿಂತ ನನಗೆ ಮೂರು ಆರ್ಡರ್ ಬಂದಿರುತ್ತದೆ, ನೀವು ಬರಿಗೈಯಲ್ಲಿ ನೇತ್ರಾವತಿ ಸೇತುವೆ ದಾಟುತ್ತೀರಿ. ಡ್ರಾಪ್ ಆದ, ಅಂದರೆ ಆಹಾರ ತಲುಪಿಸಿದ ಜಾಗದಲ್ಲಿಯೇ ಮುಂದಿನ ಆರ್ಡರ್ ತೆಗೆದುಕೊಳ್ಳಲು ಬಿಟ್ಟರೆ ನಿಮ್ಮ ಅರ್ಧ ಸಮಸ್ಯೆ ಹಣ ಕೊಡದೆಯೇ ಬಗೆಹರಿಯುತ್ತದೆ.

ಹೊಸಬರಿಗೆ ಇನ್ನೊಂದು ಮಾತು. ತೊಕ್ಕೊಟ್ಟಿನಿಂದ ಪಂಪ್‌ವೆಲ್‌ವರೆಗೆ ಹೆದ್ದಾರಿ 66ರಲ್ಲಿ ಯು ತಿರುವು ದೂರವಿದೆ ಎಂದು ಎದುರು ದಿಕ್ಕಿನಲ್ಲಿ ಓಡಿಸಬೇಡಿ. ಕೇರಳದ ಕಡೆಯಿಂದ ಬರುವ ಮೀನಿನ ಲಾರಿಗಳಿಗೆ ರಾತ್ರಿ ನಿಮ್ಮ ಹೆಡ್‌ಲೈಟ್ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಪಾರ್ಸೆಲ್ ಕೌಂಟರ್, ಹಂಪನಕಟ್ಟೆ

ನಾನು ಹೊಟೇಲಿನ ಪಾರ್ಸೆಲ್ ಕೌಂಟರಿನಲ್ಲಿ ಕುಳಿತುಕೊಳ್ಳುವವನು. ಕಾಯಿಸುತ್ತಾರೆ ಎಂದು ಸವಾರರು ನಮ್ಮ ಮೇಲೆ ಸಿಡುಕುತ್ತಾರೆ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ನಮ್ಮ ಕಡೆಯದನ್ನೂ ಕೇಳಿ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಟೇಬಲ್ಲಿನ ಗಿರಾಕಿಗಳು, ನಿಂತು ಪಾರ್ಸೆಲ್ ಕೇಳುವವರು, ಎರಡು ಟ್ಯಾಬ್‌ಗಳಲ್ಲಿ ಒಟ್ಟಿಗೆ ಬೀಳುವ ಆರ್ಡರ್‌ಗಳು, ಇಷ್ಟಕ್ಕೂ ಅಡುಗೆಮನೆ ಒಂದೇ. ಬಂಗುಡೆ ತವಾ ಫ್ರೈ ಮಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಬೇಕೇ ಬೇಕು. ಆ್ಯಪ್ ತನ್ನದೇ ಅಂದಾಜಿನಲ್ಲಿ ಸವಾರರನ್ನು ಮೊದಲೇ ಕಳುಹಿಸಿಬಿಡುತ್ತದೆ.

ಕೋರಿ ರೊಟ್ಟಿಯ ವಿಷಯವನ್ನಂತೂ ಹೇಳಲೇಬೇಕು. ಗರಿಗರಿ ರೊಟ್ಟಿ ಒಂದು ಪೊಟ್ಟಣ, ಗಸಿ (ಕೋಳಿ ಸಾರು) ಇನ್ನೊಂದು ಡಬ್ಬಿ. ಡಬ್ಬಿಯನ್ನು ಮಲಗಿಸಿ ಬ್ಯಾಗಿಗೆ ತುರುಕಿದರೆ ಬೆಂದೂರ್‌ವೆಲ್ ಇಳಿಜಾರು ಮುಗಿಯುವ ಮೊದಲೇ ಮುಚ್ಚಳ ಬಿಟ್ಟಿರುತ್ತದೆ, ರೊಟ್ಟಿ ನೆನೆದು ಮುದ್ದೆಯಾಗುತ್ತದೆ. ನಾವು ಈಗ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕೊಡುತ್ತೇವೆ. ನೀವು ಅದನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಟವೆಲ್ ಒತ್ತಿಡಿ. ಚೆಲ್ಲಿದ ಗಸಿಯ ಹಣ ಕೊನೆಗೆ ನಿಮ್ಮ ಅಥವಾ ನಮ್ಮ ತಲೆಗೇ ಬರುವುದು.

ಬೋಂದೆಲ್ ಸವಾರ

ಕೌಂಟರಿನ ಅಣ್ಣನ ಮಾತನ್ನು ಒಪ್ಪಿದೆ. ಒಂದು ಬೇಡಿಕೆ ಮಾತ್ರ ಇದೆ: ತಯಾರಾಗದ ಆರ್ಡರನ್ನು ತಯಾರಾಗಿದೆ ಎಂದು ಗುರುತು ಹಾಕಬೇಡಿ. ನೀವು ಗುರುತು ಹಾಕಿದ ಕ್ಷಣದಿಂದ ತಡವಾದದ್ದೆಲ್ಲ ನಮ್ಮ ಖಾತೆಗೆ ಬೀಳುತ್ತದೆ.

ಮಣಿಪಾಲ ಸವಾರಿಣಿ

ಉಡುಪಿಯ ಕಡೆಯದನ್ನೂ ಸೇರಿಸುತ್ತೇನೆ. ನಾನು ಮಣಿಪಾಲ, ಇಂದ್ರಾಳಿ, ಕುಂಜಿಬೆಟ್ಟು ಭಾಗದಲ್ಲಿ ಓಡಿಸುತ್ತೇನೆ. ನಮ್ಮಲ್ಲಿ ದೂರಕ್ಕಿಂತ ಎತ್ತರ ಹೆಚ್ಚು ಕಾಡುತ್ತದೆ. ಮಣಿಪಾಲ ಗುಡ್ಡದ ಮೇಲಿದೆ, ಉಡುಪಿ ಕೆಳಗಿದೆ. ಕೃಷ್ಣ ಮಠದ ಸುತ್ತಮುತ್ತಲಿನ ಹೊಟೇಲಿನಿಂದ ಮಸಾಲೆ ದೋಸೆ ಎತ್ತಿಕೊಂಡು ಕಲ್ಸಂಕದ ದಟ್ಟಣೆ ದಾಟಿ ಮೇಲೇರುವಾಗ ಗಾಡಿ ಕುಡಿಯುವ ಪೆಟ್ರೋಲನ್ನು ಕಿಲೋಮೀಟರಿನಲ್ಲಿ ಅಳೆಯಲು ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ಹೊತ್ತಿಗೆ ರಥಬೀದಿಯ ಸುತ್ತಲಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಆ್ಯಪ್‌ಗೆ ಅದು ಗೊತ್ತಿರುವುದಿಲ್ಲ, ಆರ್ಡರ್ ಕೊಡುತ್ತಲೇ ಇರುತ್ತದೆ.

ವಿದ್ಯಾರ್ಥಿಗಳ ಊರಾದ್ದರಿಂದ ಕಾಲೇಜಿಗೆ ರಜೆ ಬಂದರೆ ನಮ್ಮ ಆದಾಯವೂ ಕುಸಿಯುತ್ತದೆ. ಸೇರುವವರು ಒಂದು ತಿಂಗಳ ಮೊತ್ತ ನೋಡಿ ಇಡೀ ವರ್ಷಕ್ಕೆ ಗುಣಿಸಬಾರದು. ಸಾಲದ ಕಂತಿಗೆ ರಜೆಯಿಲ್ಲ.

ಗಂಡಸರು ಇಲ್ಲಿ ಯಾರೂ ಬರೆಯದ ವಿಷಯ ಶೌಚಾಲಯ. ಊಟ ಎತ್ತಿಕೊಳ್ಳುವ ಹೊಟೇಲಿನಲ್ಲಿಯೇ ಶೌಚಾಲಯ ಕೇಳಿದರೆ ಗಿರಾಕಿಗಳಿಗೆ ಮಾತ್ರ ಎನ್ನುತ್ತಾರೆ. ದಿನಕ್ಕೆ ಹತ್ತು ಗಂಟೆ ರಸ್ತೆಯ ಮೇಲಿರುವವಳು ನೀರು ಕುಡಿಯದೆ ಇರುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾಳೆ. ಸೆಕೆಗಾಲದ ಕರಾವಳಿಯಲ್ಲಿ ಬೆವರು ಹರಿಯುವಾಗ ನೀರು ಬಿಟ್ಟರೆ ಉರಿಮೂತ್ರ ಬರುತ್ತದೆ, ಆಗ ಆಸ್ಪತ್ರೆಗೆ ಕೊಡುವ ಹಣ ವಾರದ ದುಡಿಮೆಯನ್ನು ನುಂಗುತ್ತದೆ. ಕೌಂಟರಿನ ಅಣ್ಣ ಓದುತ್ತಿದ್ದರೆ ಮಾಲೀಕರಿಗೆ ಹೇಳಿ: ಒಂದು ಬಾಗಿಲು, ಒಂದು ಲೋಟ ನೀರು, ಅಷ್ಟು ಸಾಕು.

ಪಾರ್ಸೆಲ್ ಕೌಂಟರ್, ಹಂಪನಕಟ್ಟೆ

ಅಕ್ಕಾ, ಓದಿದೆ. ನಮ್ಮಲ್ಲಿ ಕೇಳಿದವರಿಗೆ ಇಲ್ಲ ಎಂದಿಲ್ಲ, ಆದರೆ ಕೇಳಲು ಸಂಕೋಚಪಡುತ್ತಾರೆ. ಕೌಂಟರಿನ ಪಕ್ಕ ಫಲಕ ಬರೆದು ಹಾಕಲು ನಾಳೆ ಮಾಲೀಕರಲ್ಲಿ ಕೇಳುತ್ತೇನೆ.

ಬಿಜೈ ನಿವಾಸಿ

ಆರ್ಡರ್ ಮಾಡುವವಳ ಕಡೆಯಿಂದ ಒಂದು ಪ್ರಶ್ನೆ. ಮಂಗಳೂರಿನ ವಿಳಾಸವೇ ಹಾಗೆ, ಮನೆಗೆ ಹೆಸರಿರುತ್ತದೆ, ಅಡ್ಡರಸ್ತೆಗೆ ಇರುವುದಿಲ್ಲ. ನಕ್ಷೆಯ ಚುಕ್ಕಿ ಹಿಂದಿನ ಕಂಪೌಂಡಿನ ಮೇಲೆ ಕುಳಿತಿರುತ್ತದೆ. ಸವಾರರು ಕರೆ ಮಾಡಿದಾಗ ದೈವಸ್ಥಾನದ ಕಟ್ಟೆಯ ಎಡಕ್ಕೆ ಎಂದು ನಾನು ತುಳುವಿನಲ್ಲಿ ಹೇಳುತ್ತೇನೆ. ಆ ಕಡೆಯಲ್ಲಿ ಬಾಗಲಕೋಟೆಯ ಅಥವಾ ಅಸ್ಸಾಮಿನ ಹುಡುಗ ಇದ್ದರೆ ಅವನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನಾವು ಏನು ಮಾಡಿದರೆ ನಿಮಗೆ ಅನುಕೂಲ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಡೆಲಿವರಿಯವರು ಲಿಫ್ಟ್ ಬಳಸಬಾರದು ಎಂದು ಒಂದು ಚೀಟಿ ಅಂಟಿಸಿದ್ದರು. ಸಭೆಯಲ್ಲಿ ಜಗಳವಾಡಿ ತೆಗೆಸಿದೆವು. ಆರನೆಯ ಮಹಡಿಗೆ ನಡೆದು ಬಂದವರ ಕೈಯಿಂದ ಊಟ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ದೇರಳಕಟ್ಟೆ ರಾತ್ರಿ ಪಾಳಿ

ಅಕ್ಕಾ, ಆ್ಯಪ್‌ನಲ್ಲಿ ಸೂಚನೆ ಬರೆಯುವ ಜಾಗವಿದೆ. ಗೇಟಿನ ಬಣ್ಣ, ಎದುರಿನ ಅಂಗಡಿ, ಯಾವ ಕಡೆಯಿಂದ ಬರಬೇಕು ಎಂದು ಒಮ್ಮೆ ಬರೆದಿಟ್ಟರೆ ಸಾಕು. ಮಳೆಯಲ್ಲಿ ಒದ್ದೆ ಬೆರಳಿಗೆ ಮೊಬೈಲ್ ಪರದೆ ಸ್ಪಂದಿಸುವುದಿಲ್ಲ, ಕರೆ ತೆಗೆಯಲು ಗಾಡಿ ನಿಲ್ಲಿಸಿ ಬೆರಳು ಒರೆಸಿಕೊಳ್ಳಬೇಕು. ಬರೆದದ್ದನ್ನು ಹೊರಡುವ ಮೊದಲೇ ಓದಿಕೊಳ್ಳಬಹುದು.

ಕಂಕನಾಡಿ ಆಟೋ

ನಾನು ಆಟೋ ಓಡಿಸುತ್ತೇನೆ, ಆದರೂ ಈ ಚರ್ಚೆ ನನಗೆ ಸಂಬಂಧಿಸಿದ್ದು ಎನಿಸಿತು. ನಮ್ಮ ದರವನ್ನು ನಿಗದಿ ಮಾಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಕನಿಷ್ಠ ದರವಿದೆ, ಕಾಯುವುದಕ್ಕೆ ದರವಿದೆ, ರಾತ್ರಿಗೆ ಬೇರೆ ದರವಿದೆ. ಪೆಟ್ರೋಲ್, ಗ್ಯಾಸ್ ಬೆಲೆ ಏರಿದಾಗ ನಮ್ಮ ಸಂಘಗಳು ಮನವಿ ಕೊಡುತ್ತವೆ, ಅಧಿಕಾರಿಗಳು ಕರೆದು ಕೂರಿಸಿ ಕೇಳುತ್ತಾರೆ. ಸಿಕ್ಕಿದ್ದು ಸಾಲದು ಎಂಬ ಅಸಮಾಧಾನ ನಮಗೂ ಇದೆ. ಆದರೆ ಮಾತನಾಡಲು ಎದುರಿಗೆ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಅದೇ ರಸ್ತೆಯಲ್ಲಿ, ಅದೇ ಮಳೆಯಲ್ಲಿ ಓಡಾಡುವ ನಿಮ್ಮ ದರ ಬದಲಾದದ್ದು ನಿಮಗೆ ಗೊತ್ತಾಗುವುದು ಹಣ ಕಡಿಮೆ ಬಂದ ಮೇಲೆ. ಇದು ನ್ಯಾಯವಲ್ಲ.

ಕುಲಶೇಖರದ ಹುಡುಗ

ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ಧನ್ಯವಾದ. ಬೈಕ್ ಅಪ್ಪನ ಹೆಸರಿನಲ್ಲಿದೆ, ವಿಮೆ ಚಾಲ್ತಿಯಲ್ಲಿದೆ. ಅಷ್ಟು ಸಾಕಲ್ಲವೇ? ಇನ್ನೊಂದು, ಗೆಳೆಯನೊಬ್ಬ ಗಲ್ಫಿಗೆ ಹೋಗುತ್ತಿದ್ದಾನೆ, ಅವನ ಐಡಿಯಲ್ಲಿಯೇ ಓಡಿಸು ಎನ್ನುತ್ತಾನೆ. ಸೇರುವ ಶುಲ್ಕ ಉಳಿಯುತ್ತದೆ ಎಂದು ನೋಡುತ್ತಿದ್ದೇನೆ.

ವಾಹನ ವಿಮೆ ಕೆಲಸದವ

ತಮ್ಮಾ, ಮೊದಲ ಪ್ರಶ್ನೆಗೆ ಉತ್ತರ ಸಾಲದು, ಎರಡನೆಯದಕ್ಕೆ ಬೇಡ.

ಮೊದಲು ವಿಮೆ. ಪಾಲಿಸಿ ಹಾಳೆಯಲ್ಲಿ ಬಳಕೆಯ ಮಿತಿ ಎಂಬ ಭಾಗ ಇರುತ್ತದೆ, ಹುಡುಕಿ ಓದು. ಖಾಸಗಿ ದ್ವಿಚಕ್ರ ವಾಹನದ ಸಾಮಾನ್ಯ ಪಾಲಿಸಿ ಬಾಡಿಗೆಗಾಗಿ ಓಡಿಸುವುದನ್ನೂ ಸರಕು ಸಾಗಿಸುವುದನ್ನೂ ಹೊರಗಿಡುತ್ತದೆ. ಬ್ಯಾಗ್ ಹೊತ್ತು ಹೋಗುವಾಗ ಗಾಡಿ ಜಖಂ ಆದರೆ ಸ್ವಂತ ನಷ್ಟದ ಪರಿಹಾರವನ್ನು ನಿರಾಕರಿಸಲು ಕಂಪನಿಗೆ ಆ ಸಾಲು ಸಾಕು. ವಾಣಿಜ್ಯ ಬಳಕೆಗೆ ಒಪ್ಪಿಗೆ ಇದೆಯೇ ಎಂದು ವಿಮೆ ಕಂಪನಿಯಿಂದ ಬರಹದಲ್ಲಿ ಕೇಳು. ಬಾಯಿಮಾತಿಗೆ ಬೆಲೆಯಿಲ್ಲ.

ಮಾಲೀಕ ಚಾಲಕನಿಗೆ ಕಡ್ಡಾಯವಾಗಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ. ಗಾಡಿ ಅಪ್ಪನದು, ಓಡಿಸುವವನು ನೀನು. ಬಿದ್ದರೆ ಆ 15 ಲಕ್ಷ ನಿನಗೆ ಅನ್ವಯಿಸುವುದಿಲ್ಲ. ಗಾಡಿಯನ್ನು ನಿನ್ನ ಹೆಸರಿಗೆ ಮಾಡಿಸು, ಇಲ್ಲವೇ ನಿನ್ನ ಹೆಸರಿನಲ್ಲಿಯೇ ಬೇರೆ ಅಪಘಾತ ಪಾಲಿಸಿ ತೆಗೆದುಕೋ.

ಇನ್ನು ಗೆಳೆಯನ ಐಡಿ. ಕಂಪನಿಗಳು ಸವಾರರಿಗೆ ಕೊಡುವ ವಿಮೆ ಐಡಿಯ ಹೆಸರಿಗೆ ಇರುತ್ತದೆ. ಅಪಘಾತವಾದಾಗ ದಾಖಲೆಯ ಪ್ರಕಾರ ಕೆಲಸದಲ್ಲಿ ಇದ್ದವನು ನಿನ್ನ ಗೆಳೆಯ, ಆಸ್ಪತ್ರೆಯಲ್ಲಿ ಮಲಗಿದವನು ನೀನು. ಮನೆಯವರು ಯಾವ ಬಾಗಿಲು ತಟ್ಟಬೇಕು? ನಾಲ್ಕು ಕಾಸು ಉಳಿಸಲು ಹೋಗಿ ಮನೆಯವರನ್ನು ಬೀದಿಗೆ ತರಬೇಡ.

ಬೋಂದೆಲ್ ಸವಾರ

ಇದರ ಜೊತೆಗೆ ರಸ್ತೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಓಡಿಸುವುದು ಬೇರೆಯೇ ಕೆಲಸ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ಈ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್‌ನಲ್ಲಿ ನೀರು ನಿಲ್ಲುತ್ತದೆ. ಕಾಂಕ್ರೀಟು ರಸ್ತೆಯ ಅಂಚು ಪಕ್ಕದ ಮಣ್ಣಿಗಿಂತ ಎತ್ತರವಿರುತ್ತದೆ. ಸಮಯದ ಪೈಪೋಟಿಯಲ್ಲಿ ಬರುವ ಸಿಟಿ ಬಸ್ಸಿಗೆ ದಾರಿ ಬಿಡಲು ಅಂಚಿನಿಂದ ಇಳಿದರೆ ಮತ್ತೆ ಹತ್ತುವಾಗ ಮುಂದಿನ ಚಕ್ರ ಜಾರುತ್ತದೆ. ಇಳಿಯುವುದಾದರೆ ಪೂರ್ತಿ ನಿಲ್ಲಿಸಿ, ಹತ್ತುವಾಗ ಓರೆಯಾಗಿ ಹತ್ತಬೇಡ. ರೆಡ್ ಅಲರ್ಟ್ ದಿನ ಶಾಲೆಗಳಿಗೆ ರಜೆ ಕೊಡುತ್ತಾರೆ, ನಮಗೆ ಆ ದಿನವೇ ಆರ್ಡರ್ ಹೆಚ್ಚು, ಮಳೆಯ ಹೆಚ್ಚುವರಿ ಹಣದ ಆಸೆಯೂ ಇರುತ್ತದೆ. ನೀರಿನ ಆಳ ಕಾಣದ ಕಡೆ ಹೋಗದಿರುವ ಹಕ್ಕು ನಿನಗಿದೆ.

ಪಡೀಲ್ ಇಲೆಕ್ಟ್ರಿಕ್

ಪೆಟ್ರೋಲಿನ ಲೆಕ್ಕವನ್ನೇ ಎಲ್ಲರೂ ಹೇಳುತ್ತಿದ್ದೀರಿ. ನಾನು ಇಲೆಕ್ಟ್ರಿಕ್ ಸ್ಕೂಟರ್‌ಗೆ ಬದಲಾದೆ. ಮನೆಯಲ್ಲಿ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಐವತ್ತು ಪೈಸೆಯೂ ಬೀಳುವುದಿಲ್ಲ, ಖಾಲಿ ವಾಪಸಾತಿ ಅಷ್ಟು ಚುಚ್ಚುವುದಿಲ್ಲ. ಕಂತು ದೊಡ್ಡದು, ಅದನ್ನು ಮರೆಯಬಾರದು. ಬಾಡಿಗೆ ಕೋಣೆಯಲ್ಲಿರುವವರಿಗೆ ಚಾರ್ಜಿಂಗ್‌ಗೆ ಮಾಲೀಕರು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕಾರ್ಮಿಕ ಕಾನೂನು ಓದುವವಳು

ಇಷ್ಟು ಹೊತ್ತು ಓದುತ್ತಿದ್ದೆ. ಕಾನೂನಿನಲ್ಲಿ ಏನಿದೆ, ಏನಿಲ್ಲ ಎಂದು ಹೇಳುತ್ತೇನೆ.

ಕರ್ನಾಟಕದಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಹಿಡಿಯುವ ನಿಮ್ಮಂಥವರ) ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ 2025ರಲ್ಲಿ ಬಂದಿದೆ. ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಹೊರಟಿತು, ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿತು. ರಾಜಸ್ಥಾನ 2023ರಲ್ಲಿಯೇ ಇಂಥ ಕಾಯ್ದೆ ಮಾಡಿತ್ತು. ನಮ್ಮ ಕಾಯ್ದೆಯಂತೆ ಪ್ರತಿ ವಹಿವಾಟಿನಲ್ಲಿ ಸವಾರನಿಗೆ ಕೊಡುವ ಮೊತ್ತದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ಸಂಗ್ರಹಿಸಬಹುದು. ಕರಾರು ಸರಳ ಭಾಷೆಯಲ್ಲಿರಬೇಕು. ಕರಾರನ್ನು ಬದಲಿಸುವುದಾದರೆ 14 ದಿನ ಮೊದಲು ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು 14 ದಿನಗಳ ನೋಟಿಸ್ ಕೊಡಬೇಕು. ಹಣ ಕಡಿತ ಮಾಡಿದರೆ ಏಕೆಂದು ಹೇಳಬೇಕು. ಆರ್ಡರ್ ಹಂಚುವ, ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವ ಹಕ್ಕೂ ನಿಮಗಿದೆ.

ಇಲ್ಲದಿರುವುದು ಬೋಂದೆಲ್ ಅಣ್ಣ ಎತ್ತಿದ ವಿಷಯವೇ. ಕಿಲೋಮೀಟರಿಗೆ ಇಷ್ಟು ಎಂದು ಕಾಯ್ದೆ ದರ ನಿಗದಿ ಮಾಡಿಲ್ಲ. ಆಟೋದವರಿಗೆ ಇರುವ ಪ್ರಾಧಿಕಾರದಂಥದ್ದು ನಿಮಗಿಲ್ಲ. ಆದ್ದರಿಂದ ವಾಪಸಾತಿಯ ಹಣವನ್ನು ಈ ಕಾಯ್ದೆಯ ಹೆಸರಿನಲ್ಲಿ ನೇರವಾಗಿ ಕೇಳಲಾಗದು. ಆದರೆ ದರದ ಲೆಕ್ಕ ತೋರಿಸಿ ಎಂದು ಕೇಳಬಹುದು, ಈ ಕಾಯ್ದೆಯಡಿಯ ಕಲ್ಯಾಣ ಮಂಡಳಿಯ ಮುಂದೆ ಬೇಡಿಕೆ ಇಡಬಹುದು.

ವಿಮೆಯಲ್ಲಿ ಇನ್ನೊಂದಿದೆ. ಕರ್ನಾಟಕ ರಾಜ್ಯ ಗಿಗ್ ಕಾರ್ಮಿಕರ ವಿಮಾ ಯೋಜನೆಯಲ್ಲಿ ಅಪಘಾತದಿಂದ ಮರಣವಾದರೆ ಜೀವವಿಮೆ ಸೇರಿ 4 ಲಕ್ಷ, ಶಾಶ್ವತ ಅಂಗವೈಕಲ್ಯಕ್ಕೆ 2 ಲಕ್ಷದವರೆಗೆ, ಆಸ್ಪತ್ರೆ ವೆಚ್ಚಕ್ಕೆ 1 ಲಕ್ಷದವರೆಗೆ ನೆರವಿದೆ. ಇ-ಶ್ರಮ್ ಕಾರ್ಡ್ ಮಾಡಿಸಿಕೊಂಡು ಸೇವಾ ಸಿಂಧು ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಿ. ಬಿದ್ದ ಮೇಲೆ ಓಡಾಡುವುದಕ್ಕಿಂತ ಆರ್ಡರ್ ಕಡಿಮೆ ಇರುವ ಒಂದು ಮಧ್ಯಾಹ್ನ ಇದನ್ನು ಮುಗಿಸಿಬಿಡಿ.

ಸುರತ್ಕಲ್ ಕಡೆಯವ

ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ನನ್ನ ಪರಿಚಯದವನ ಐಡಿಯನ್ನು ಒಂದು ರಾತ್ರಿ ಬ್ಲಾಕ್ ಮಾಡಿದರು. ಕಾರಣ ಕೇಳಿದರೆ ಆ್ಯಪ್‌ನ ಚಾಟ್‌ನಲ್ಲಿ ಒಂದೇ ಉತ್ತರ ಮತ್ತೆ ಮತ್ತೆ ಬಂತು. ಅವನು ಬೇರೆ ಕೆಲಸ ಹುಡುಕಿಕೊಂಡ. ಕಾಯ್ದೆ ಹಿಡಿದು ಓಡಾಡಲು ಅವನಿಗೆ ಬಿಡುವಾದರೂ ಎಲ್ಲಿತ್ತು? ಒಂದು ದಿನ ಕಚೇರಿಗೆ ಹೋದರೆ ಆ ದಿನದ ಅನ್ನ ಹೋಯಿತು.

ಕಾರ್ಮಿಕ ಕಾನೂನು ಓದುವವಳು

ನಿಮ್ಮ ಮಾತು ನಿಜ. ಅದಕ್ಕೇ ಒಬ್ಬೊಬ್ಬರೇ ಹೋಗಬೇಡಿ ಎನ್ನುತ್ತೇನೆ. ಬ್ಲಾಕ್ ಆದ ದಿನಾಂಕ, ಸಮಯ, ಚಾಟ್‌ನ ಚಿತ್ರಗಳು, ಕೊನೆಯ ವಾರದ ಪೇಔಟ್ ಇವಿಷ್ಟನ್ನು ಅಂದೇ ತೆಗೆದಿಟ್ಟುಕೊಳ್ಳಬೇಕು. ಐಡಿ ಮುಚ್ಚಿದ ಮೇಲೆ ಹಳೆಯ ದಾಖಲೆ ಆ್ಯಪ್‌ನಲ್ಲಿ ತೆರೆಯುವುದಿಲ್ಲ. ನಾಲ್ಕಾರು ಜನರ ದಾಖಲೆ ಒಟ್ಟಿಗೆ ಇದ್ದರೆ ಒಬ್ಬರು ಹೋಗಿ ಕೊಟ್ಟರೂ ಸಾಕು, ನಾನು ಮನವಿ ಬರೆದುಕೊಡುತ್ತೇನೆ.

ಕುಲಶೇಖರದ ಹುಡುಗ

ಗೆಳೆಯನ ಐಡಿ ಬೇಡ ಎಂದು ತಿಳಿಸಿಬಿಟ್ಟೆ. ಗಾಡಿಯ ಹೆಸರು ಬದಲಾಯಿಸಲು ಅಪ್ಪ ಒಪ್ಪಿದ್ದಾರೆ. ಸಂಜೆ ಆರರಿಂದ ಹನ್ನೊಂದು ಮಾತ್ರ ಓಡಿಸಿ ಹಗಲು ಐಟಿಐ ಮುಂದುವರಿಸಬೇಕೆಂದಿದ್ದೇನೆ. ಇದು ಆಗುತ್ತದೆಯೇ?

ಮಣಿಪಾಲ ಸವಾರಿಣಿ

ಆಗುತ್ತದೆ ತಮ್ಮಾ, ಅದೇ ಒಳ್ಳೆಯ ದಾರಿ. ಆದರೆ ಇನ್ಸೆಂಟಿವ್ ಮೊತ್ತ ಮುಟ್ಟಲು ಇನ್ನೆರಡೇ ಆರ್ಡರ್ ಬೇಕು ಎಂದು ಆ್ಯಪ್ ಹನ್ನೊಂದು ಗಂಟೆಗೆ ತೋರಿಸುತ್ತದೆ. ಆಗ ಮನೆಗೆ ಹೋಗುವ ಗಟ್ಟಿತನ ಇರಬೇಕು. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿದರೆ ಐಟಿಐ ಬಿಟ್ಟುಹೋಗುತ್ತದೆ.

ಬೋಂದೆಲ್ ಸವಾರ

ಹಾಗಾದರೆ ಒಂದು ಕೆಲಸ ಮಾಡೋಣ. ಕೂಳೂರು, ನೇತ್ರಾವತಿ ಸೇತುವೆಗಳನ್ನು ದಾಟಿದ, ವಾಮಂಜೂರಿನ ಕಡೆಗೆ ಹೋದ ಡ್ರಾಪ್‌ಗಳನ್ನು ಮಾತ್ರ ಬರೆದಿಡಿ. ಡ್ರಾಪ್ ಆದ ಜಾಗ, ಸಿಕ್ಕ ಹಣ, ಮುಂದಿನ ಆರ್ಡರ್ ಬೀಳುವವರೆಗೆ ಖಾಲಿ ಓಡಿದ ಕಿಲೋಮೀಟರ್. ಗ್ರಾಹಕರ ಹೆಸರು, ಮನೆ, ಫೋನ್ ಯಾವುದೂ ಬೇಡ. ಒಂದು ತಿಂಗಳಿನದನ್ನು ನಾನು ಒಟ್ಟುಗೂಡಿಸುತ್ತೇನೆ. ಅದರ ಜೊತೆ ಎರಡು ಬೇಡಿಕೆ ಇಡೋಣ. ಝೋನ್‌ನ ಹೊರಗೆ ಡ್ರಾಪ್ ಆದರೆ ಅಲ್ಲಿಯೇ ಮುಂದಿನ ಆರ್ಡರ್ ಸಿಗಬೇಕು. ಸಿಗದಿದ್ದರೆ ವಾಪಸಿನ ದೂರಕ್ಕೆ ಅರ್ಧ ದರವಾದರೂ ಕೊಡಬೇಕು.

ಸುರತ್ಕಲ್ ಕಡೆಯವ

ಸುರತ್ಕಲ್, ಕುಳಾಯಿ, ಪಣಂಬೂರು ಕಡೆಯದನ್ನು ನಾನು ಬರೆಯುತ್ತೇನೆ. ಓಡೋಮೀಟರಿನ ಚಿತ್ರವನ್ನು ಡ್ರಾಪ್ ಆದಾಗ ಒಮ್ಮೆ, ಮುಂದಿನ ಆರ್ಡರ್ ಬಿದ್ದಾಗ ಇನ್ನೊಮ್ಮೆ ತೆಗೆಯಿರಿ, ಗಾಡಿ ನಿಲ್ಲಿಸಿಯೇ ತೆಗೆಯಿರಿ. ಮೀಟರ್ ಕೆಟ್ಟಿರುವವರು ನಕ್ಷೆಯ ದೂರ ಬರೆದು ಪಕ್ಕದಲ್ಲಿ ಹಾಗೆಂದು ನಮೂದಿಸಿ. ಎರಡನ್ನೂ ಬೆರೆಸಿದರೆ ಕಂಪನಿಯವರು ಮೊದಲು ಅದನ್ನೇ ಹಿಡಿಯುತ್ತಾರೆ.